ಸೋಮವಾರ ಹೂಡದ ಗಾಡಿ

ನಮ್ಮ ಮನೆಯಲ್ಲಿ ಸೋಮವಾರ ಕಾರು ಹೊರಡುವುದಿಲ್ಲ. ಸೋಮವಾರ ಎತ್ತು ಹೂಡಬಾರದೆಂಬ ತವರಿನ ಕಟ್ಟಳೆಯನ್ನು ನನ್ನ ಹೆಂಡತಿ ಗುಡೂರಿನಿಂದ ಇಳಕಲ್ಲಿಗೆ ತಂದಳು. ಇಲ್ಲಿ ಎತ್ತು ಇಲ್ಲದ್ದರಿಂದ ಅದನ್ನು ಕಾರಿಗೆ ಅನ್ವಯಿಸಿದಳು. ಕಾರಿಗೂ ವಯಸ್ಸಾಗಿತ್ತು, ತಕರಾರು ಮಾಡಲಿಲ್ಲ.

ಆ ವರ್ಷ ಕಾಯಿಲೆ ಆಕೆಯ ಬೆನ್ನೆಲುಬಿಗೆ ಇಳಿದಿತ್ತು. ಪ್ರತಿ ಮಂಗಳವಾರ ಬಾಗಲಕೋಟೆಯ ಆಸ್ಪತ್ರೆಗೆ ಹೋಗಬೇಕು, ಒಂದು ವಾರವೂ ತಪ್ಪಿಸಬಾರದು ಎಂದಿದ್ದರು ಡಾಕ್ಟರು. ತಗ್ಗು ಬಂದಲ್ಲೆಲ್ಲ ಕಾರಿನ ಮುಂದಿನ ಗಾಲಿಗಳು ಧಡ್ ಎನ್ನುತ್ತಿದ್ದವು. ಪೆಟ್ಟು ನೇರವಾಗಿ ಆಕೆಯ ಬೆನ್ನಿಗೆ. ಒಂದು ಶನಿವಾರ ಉಣ್ಣುತ್ತ ಹೇಳಿದಳು:

"ಆ ಗಾಡ್ಯಾಗ ನಾ ಇನ್ನ ಬರೂದಿಲ್ರಿ."

"ಬಾಡಿಗಿ ಗಾಡಿ ಹೇಳ್ತೇನಿ."

"ಪರ ಗಂಡಸಿನ ಮುಂದ ನರಳಾಕ ನನಗ ಆಗೂದಿಲ್ಲ. ನಿಮ್ಮ ಮುಂದಾದ್ರ ರೂಢಿ ಐತಿ."

ಗ್ಯಾರೇಜಿನವನು ಗುರುವಾರ ನೋಡೋಣ ಎಂದ. ಆದ್ದರಿಂದ ಸೋಮವಾರ ಬೆಳಿಗ್ಗೆ ಹಣೆಗೆ ವಿಭೂತಿ ಇಟ್ಟುಕೊಂಡು, ಹಳೆಯ ಲುಂಗಿ ಉಟ್ಟು, ನಾನೇ ಕಾರಿನಡಿ ಪ್ರವೇಶ ಮಾಡಿದೆ. ಭಯವೂ ಇರಲಿಲ್ಲ, ಉತ್ಸಾಹವೂ ಇರಲಿಲ್ಲ. ಆ ದಿನಗಳಲ್ಲಿ ನನ್ನೊಳಗೆ ಏನೂ ಇರುತ್ತಿರಲಿಲ್ಲ. ಕೈಗಳಷ್ಟೇ ಹೇಳಿದ ಕೆಲಸ ಮಾಡುತ್ತಿದ್ದವು.

ಗಾಲಿಯನ್ನು ಕಾರಿಗೆ ಕೂಡಿಸುವುದು ಒಂದು ಕಬ್ಬಿಣದ ತೋಳು. ಅದರ ಬುಡದಲ್ಲಿ ಪೆಟ್ಟು ನುಂಗುವ ರಬ್ಬರಿನ ಬುಶ್. ಎರಡೂ ಕಡೆಯ ರಬ್ಬರು ಒಣ ರೊಟ್ಟಿಯ ಚೂರಿನಂತೆ ಉದುರಿತು. ಅಂಗಡಿಯಿಂದ ತಂದ ಹೊಸ ತೋಳುಗಳನ್ನು ಹಾಕಿ, ಬೋಲ್ಟು ಬಿಗಿದು, ಜಯಘೋಷ ಮಾಡುವ ಮುನ್ನ ನೆನಪಾಯಿತು. ಕಾರು ಜಾಕಿನ ಮೇಲಿದ್ದು ಗಾಲಿ ತೂಗಾಡುತ್ತಿರುವಾಗ ಇವನ್ನು ಪೂರ್ತಿ ಬಿಗಿಯಬಾರದು. ಕಾರು ಗಾಲಿಯ ಮೇಲೆ ನಿಂತು, ಜನರ ಭಾರ ಬಿದ್ದಾಗಲೇ ಬಿಗಿಯಬೇಕು. ಇಲ್ಲವಾದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ಎಲ್ಲವನ್ನೂ ಮತ್ತೆ ಸಡಿಲಿಸಿದೆ.

ನಾನು ಕೆಳಗೆ ತೂರುವಷ್ಟು ಎತ್ತರಕ್ಕೆ ಗಾಲಿಗಳನ್ನು ನಿಲ್ಲಿಸಲು ಪಕ್ಕದ ಮನೆಯ ಕಲ್ಲು ಕೊಯ್ಯುವವರು ಗ್ರಾನೈಟ್ ತುಂಡುಗಳನ್ನು ತಂದುಕೊಟ್ಟರು.

"ಗಟ್ಟಿ ಅದಾವೇನ್ರಿ?"

"ಗೋರಿಗೆ ಕೊಯ್ದಿದ್ದು ಸರ. ಅಳತಿ ತಪ್ಪಿತು, ಗಿರಾಕಿ ಒಲ್ಲೆ ಅಂದ."

"ಯಾವ ಗಿರಾಕಿ?"

"ಸತ್ತವನ ಮಗ್ರೀ. ಒಳಗ ಮಲಗಿದಾಂವ ಏನಂತಾನ್ರಿ?"

ಕಲ್ಲಿನ ಈ ವಂಶಾವಳಿಯನ್ನು ಹೆಂಡತಿಗೆ ತಿಳಿಸಲಿಲ್ಲ. ಗಾಲಿಗಳನ್ನು ಕಲ್ಲಿನ ಮೇಲೆ ಇಳಿಸಿ ಆಕೆಯನ್ನು ಕರೆದೆ.

"ಗಾಡ್ಯಾಗ ಬಂದು ಕೂಡು. ಭಾರ ಬೇಕಾಗೇತಿ."

"ಇವತ್ತ ಸೋಮಾರ."

"ಓಡ್ಸೂದಿಲ್ಲ. ಬರೇ ಕೂಡೂದು."

ಸ್ವಲ್ಪ ಹೊತ್ತು ವಿಚಾರಣೆ ನಡೆಸಿ, ಕೂಡುವುದಕ್ಕೆ ದೋಷವಿಲ್ಲವೆಂದು ತೀರ್ಪು ಕೊಟ್ಟಳು. ಗೋಡೆ ಹಿಡಿದು ಬಂದು, ತನ್ನ ಸೀಟಿನಲ್ಲಿ ಕುಳಿತಳು. ನಾನು ಕೆಳಗಿರಬೇಕಾದ್ದರಿಂದ ಡ್ರೈವರ್ ಸೀಟಿನಲ್ಲಿ ನನ್ನ ಪ್ರತಿನಿಧಿಯಾಗಿ ಅರ್ಧ ಚೀಲ ಜೋಳ ಕೂಡಿಸಿದೆ.

"ನಿಮಗಿಂತ ಇದ ಚಲೋ. ಮಾತಿಗೆ ಎದುರಾಡೂದಿಲ್ಲ," ಎಂದಳು.

ಕೆಳಗೆ ತೂರಿ ನೋಡಿದೆ. ಜೋಳದ ಕಡೆ ಕಾರು ಕುಸಿದಿತ್ತು. ಆಕೆಯ ಕಡೆ ಯಾರೂ ಕುಳಿತಂತಿರಲಿಲ್ಲ.

"ಏನ್ ನೋಡಾಕತ್ತೀರಿ ಇಷ್ಟೊತ್ತು?"

"ಬೋಲ್ಟ್."

ಆಕೆಯ ತೂಕ ಎಷ್ಟಿತ್ತೋ ಅಷ್ಟಕ್ಕೇ ಬಿಗಿದೆ.

ಓಡಿಸಿ ಪರೀಕ್ಷಿಸಲು ಸೋಮವಾರ ಬಿಡಲಿಲ್ಲ. ಇಳಿಯುವಾಗ ಕರಾರು ಹಾಕಿದಳು: "ನಾಳೆ ಬರ್ತೇನಿ. ಗಾಲಿ ಬಡದ್ರ ಹುನಗುಂದದಿಂದನ ಗಾಡಿ ಮನಿಗೆ ಹೊಳ್ಳಸಬೇಕು. ಮತ್ತ ನನಗ ಹೋಗೂಣು ಅನಬಾರ್ದು."

ಒಪ್ಪಿದೆ.

ಮರುದಿನ ಇಳಕಲ್ಲು ದಾಟಿದ ಮೇಲೆ ಮೊದಲ ತಗ್ಗು ಕಾಣುತ್ತಲೇ ಆಕೆ ಬಾಗಿಲ ಹಿಡಿಕೆ ಹಿಡಿದು ಹಲ್ಲು ಕಚ್ಚಿದಳು. ಗಾಲಿ ಇಳಿಯಿತು, ಏರಿತು. ಸದ್ದು ಬರಲಿಲ್ಲ. ಎರಡನೆಯದರಲ್ಲೂ ಬರಲಿಲ್ಲ. ಹುನಗುಂದದಲ್ಲಿ ಕರಾರಿನಂತೆ ಕಾರು ನಿಧಾನ ಮಾಡಿ ಆಕೆಯತ್ತ ನೋಡಿದೆ.

"ಸಪ್ಪಳ ಇಲ್ಲಲ್ರಿ."

"ಇಲ್ಲ."

"ನೋವು ಐತಿ."

"ಹೂಂ."

ಹಿಡಿಕೆ ಬಿಟ್ಟು ಸೆರಗು ಹೊದ್ದುಕೊಂಡಳು. "ಹಂಗಾರ ವಾರಾ ವಾರಾ ಬರೂದ ಆತು," ಎಂದಳು, ವ್ಯಾಜ್ಯ ಸೋತವರ ದನಿಯಲ್ಲಿ.

ನಾನು ಗೇರು ಬದಲಿಸಿದೆ.