ಅಳಿಸುವ ಮುನ್ನ ಮನೆಮಂದಿಯನ್ನೆಲ್ಲ ಕೇಳುವ ಸಿದ್ದಮಲ್ಲಪ್ಪ

ಬೆಳಗಿನ ಐದೂಕಾಲು. ವಿಜಯನಗರದ ತಿರುವಿನಲ್ಲಿ ಹಾಲಿನ ಸೈಕಲ್ಲುಗಳ ಹಿಂದೆಯೇ ಸಿದ್ದಮಲ್ಲಪ್ಪನವರ ಮೊಪೆಡ್ ಬಂದು ನಿಲ್ಲುತ್ತದೆ. ಹೆಗಲ ಚೀಲದಲ್ಲಿ ಎರಡು ಸ್ಕ್ರೂಡ್ರೈವರ್, ಸಿ.ಡಿ.ಗಳ ಪೌಚು, ಧೂಳು ಕೊಡವುವ ಬ್ರಷ್ಷು, ಟವೆಲಿನಲ್ಲಿ ಸುತ್ತಿದ ಒಂದು ಹಾರ್ಡ್‌ಡಿಸ್ಕ್. ವೈರಸ್ ಹತ್ತಿದ ಮನೆಯ ಕಂಪ್ಯೂಟರುಗಳನ್ನು ಪೂರ್ತಿ ಅಳಿಸಿ, ವಿಂಡೋಸನ್ನು ಹೊಸದಾಗಿ ತುಂಬುವುದು ಇವರ ಕಸುಬು.

“ಏಳಾಯ್ತು ಅಂದ್ರೆ ಎಲ್ಲರ ಮನೆ ಮೋಟ್ರೂ ಓಡುತ್ತೆ, ಕರೆಂಟು ಕೈ ಕೊಡುತ್ತೆ ಕಣ್ರೀ. ಅರ್ಧಕ್ಕೆ ಹೋದ್ರೆ ಮತ್ತೆ ಅ ಆ ಇ ಈಯಿಂದ,” ಎನ್ನುತ್ತಾರೆ.

ನಲವತ್ತೆರಡರ ಈ ಕುಂಬಾರಕೊಪ್ಪಲಿನ ನಿವಾಸಿ ಹದಿನೈದು ವರ್ಷ ಟೈಪ್‌ರೈಟರ್ ರಿಪೇರಿ ಮಾಡಿದವರು. ಟೈಪಿಂಗ್ ಶಾಲೆಗಳು ಒಂದೊಂದಾಗಿ ಬಾಗಿಲೆಳೆದುಕೊಂಡಾಗ, ಸೈಬರ್ ಸೆಂಟರೊಂದರಲ್ಲಿ ನೆಲ ಒರೆಸುತ್ತ ಕಂಪ್ಯೂಟರ್ ಕಲಿತರು. ಈಗ, 2002ರಲ್ಲಿ, ವಾರಕ್ಕೆ ಹನ್ನೆರಡು ಮನೆ. ಒಂದೊಂದು ಮನೆಯಲ್ಲಿ ಒಂದೂವರೆ ಗಂಟೆ. ಬ್ರಷ್ಷು ಮಾತ್ರ ಟೈಪ್‌ರೈಟರ್ ಕಾಲದ್ದೇ.

ಇಂದಿನ ಮನೆಯ ಯಜಮಾನ ನಂಜಯ್ಯ ಇವರ ಕುರ್ಚಿಯ ಹಿಂದೆಯೇ ನಿಂತಿದ್ದಾರೆ. ಪರದೆಯ ಮೇಲೆ ಪ್ರಶ್ನೆ ಮೂಡಿದೆ: ಎಲ್ಲವನ್ನೂ ಅಳಿಸಲೇ? ‘ವೈ’ ಒತ್ತಿದರೆ ಮುಗಿಯಿತು. ಸಿದ್ದಮಲ್ಲಪ್ಪ ಕೈ ಕಟ್ಟಿ ಕೂರುತ್ತಾರೆ.

“ಎಲ್ಲರ್ನೂ ಕರೀರಿ ಸಾರ್.”

“ನಾನೇ ಹೇಳ್ತಿದೀನಲ್ರೀ, ಏನೂ ಇಲ್ಲ ಅಂತ. ನೀವೇನು ಮದುವೆ ಮಾತುಕತೆಗೆ ಬಂದಿದೀರಾ?”

ಈ ಹಟಕ್ಕೆ ಹಿನ್ನೆಲೆಯುಂಟು. ಎರಡು ವರ್ಷದ ಹಿಂದೆ ಬನ್ನಿಮಂಟಪದ ಮನೆಯೊಂದರಲ್ಲಿ ಯಜಮಾನರ ಒಂದು ಮಾತು ನಂಬಿ ಕೀಲಿ ಒತ್ತಿದ್ದರು. ಆ ಯಜಮಾನರ ಸೊಸೆ ಸುಚಿತ್ರಾ ಎಂಟು ತಿಂಗಳು ಕೂತು ಟೈಪ್ ಮಾಡಿದ್ದ ಸಂಶೋಧನಾ ಪ್ರಬಂಧ ಅದರೊಳಗಿತ್ತು. “ಆ ಯಮ್ಮ ಬಯ್ಲಿಲ್ಲ. ಕಾಫಿ ಲೋಟ ತಂದಿಟ್ಟು ಒಳಗೋಗ್ಬುಟ್ರು. ಬಯ್ದಿದ್ರೆ ವಾಸಿಯಾಗಿತ್ತು.” ಅಂದಿನಿಂದ ಮನೆಯಲ್ಲಿರುವ ಪ್ರತಿಯೊಬ್ಬರೂ ಎದುರಿಗೆ ಬಂದು ‘ನಂದೇನೂ ಇಲ್ಲ’ ಎನ್ನಬೇಕು, ಅಲ್ಲಿಯವರೆಗೆ ಅವರ ಬೆರಳು ಕೀಲಿಮಣೆ ಮುಟ್ಟುವುದಿಲ್ಲ.

ನಂಜಯ್ಯನವರ ಪತ್ನಿ ಬಂದು ಹೇಳಿ ಹೋಗುತ್ತಾರೆ. ಕೊನೆಗೆ ಎಪ್ಪತ್ತೆರಡರ ತಾಯಿ ಚೆಲುವಮ್ಮ ಬಾಗಿಲಿಗೆ ಒರಗಿ ನಿಲ್ಲುತ್ತಾರೆ.

“ನಿಂದೇನಿರುತ್ತಮ್ಮ ಇದ್ರಲ್ಲಿ, ಇಲ್ಲ ಅನ್ನು,” ಎನ್ನುತ್ತಾರೆ ಮಗ.

“ಎಂಗೆ ಇಲ್ಲ ಅನ್ನಲಿ? ನನ್ನ ಸೋಬಾನೆ ಪದ ಅವೆ ಕಣೋ.”

ಹಾಸ್ಟೆಲಿಗೆ ಹೋಗುವ ಮುನ್ನ ಮೊಮ್ಮಗಳು ಮೈಕಿನಲ್ಲಿ ರೆಕಾರ್ಡ್ ಮಾಡುವುದನ್ನು ಕಲಿಸಿದ್ದಳಂತೆ. ಮಗ ಆಫೀಸಿಗೆ ಹೋದ ಮಧ್ಯಾಹ್ನಗಳಲ್ಲಿ ಅಜ್ಜಿ ಒಬ್ಬರೇ ಕೂತು, ತಮ್ಮ ತಾಯಿ ಹಾಡುತ್ತಿದ್ದ ಮದುವೆಯ ಪದಗಳನ್ನು ಹಾಡಿಟ್ಟಿದ್ದಾರೆ.

ಸಿದ್ದಮಲ್ಲಪ್ಪ ‘ಎನ್’ ಒತ್ತಿ, ಟವೆಲ್ ಬಿಚ್ಚಿ ತಮ್ಮ ಹಾರ್ಡ್‌ಡಿಸ್ಕನ್ನು ಜೋಡಿಸುತ್ತಾರೆ. ಹುಡುಕಿದರೆ ಮೂವತ್ತೊಂದು ಪದಗಳು. ಒಂದನ್ನು ಹಾಕಿದಾಗ ಧ್ವನಿ ಬಸ್ಸು ಹಿಡಿಯುವವರಂತೆ ಓಡುತ್ತದೆ.

“ಯಾಕವ್ವ ಇಷ್ಟು ಅವಸರ?”

“ಆ ಮಿಷನ್ನು ಒಂದು ನಿಮಿಷಕ್ಕೆ ನಿಂತೋಯ್ತದೆ ಕಣಪ್ಪ. ಅಷ್ಟ್ರೊಳಗೆ ಹೆಣ್ಣು ಗಂಡು ಇಬ್ರನ್ನೂ ಹಸೆ ಮೇಲೆ ಕೂರಿಸ್ಬೇಕಲ್ಲ!”

ನಂಜಯ್ಯ ನಗಲಿಲ್ಲ. ಕಿವಿಯನ್ನು ಸ್ಪೀಕರಿನ ಹತ್ತಿರಕ್ಕೆ ತಂದು, “ಇನ್ನೊಂದು ಹಾಕಿ,” ಎನ್ನುತ್ತಾರೆ.

ಹುಡುಕಾಟ, ನಕಲುಗಳಲ್ಲಿ ಮುಕ್ಕಾಲು ಗಂಟೆ ಕಳೆಯುತ್ತದೆ. ಆಮೇಲೆ ಅಳಿಸಿ, ಹೊಸದನ್ನು ತುಂಬುತ್ತಿರುವಾಗಲೇ, ಏಳು ಹತ್ತಕ್ಕೆ, ಕರೆಂಟು ಹೋಗುತ್ತದೆ. ಪದಗಳಿರುವ ಹಾರ್ಡ್‌ಡಿಸ್ಕ್ ಮತ್ತೆ ಟವೆಲಿನೊಳಗೆ ಸುರಕ್ಷಿತ, ಕೆಲಸ ನಾಳೆಗೆ. ನಿಮಿಷದ ಮಿತಿಯಿಲ್ಲದ ರೆಕಾರ್ಡರನ್ನೂ ತರುವುದಾಗಿ ಅವರು ಅಜ್ಜಿಗೆ ಮಾತು ಕೊಡುತ್ತಾರೆ. “ಅಂಗಾದ್ರೆ ಸಾವಕಾಶವಾಗಿ ಧಾರೆ ಎರೀತೀನಿ,” ಎನ್ನುತ್ತಾರೆ ಚೆಲುವಮ್ಮ.

ಮೊಪೆಡ್ ತುಳಿಯುವ ಮುನ್ನ, ಏನಾದರೂ ಆಸೆಯುಂಟೇ ಎಂದು ಕೇಳಿದರೆ ಸಿದ್ದಮಲ್ಲಪ್ಪ ಬಹಳ ಹೊತ್ತು ಚೀಲದ ಗುಂಡಿ ಹಾಕುತ್ತಾರೆ.

“ಬನ್ನಿಮಂಟಪದ ಆ ಮನೆಯವರು ಈಗ ಬೇರೆಯವರನ್ನ ಕರೆಸ್ತಾರೆ. ಒಂದೇ ಒಂದು ಸಲ ನನ್ನ ಕರೀಬೇಕು ಕಣ್ರೀ. ಮೊದಲು ಆ ಯಮ್ಮನ್ನ ಕೇಳ್ತೀನಿ.”