ನನ್ನ ಬೈಕಿಗೆ ಹಾಕಿಸಿದ ಟ್ಯಾಂಕು

ತಿಕೋಟಾದ ಚಹಾದಂಗಡಿ ಮುಂದೆ ನಿಲ್ಲಿಸಿದ್ದ ನನ್ನ ಹಳೆಯ ಬೈಕಿನ ಪೆಟ್ರೋಲ್ ಟ್ಯಾಂಕನ್ನು ಒಬ್ಬ ಹೆಂಗಸು ಎರಡೂ ಕೈಗಳಿಂದ ಹಿಡಿದು ನಿಂತಿದ್ದರು. ಗಾಬರಿಯಿಂದ ಹತ್ತಿರ ಹೋದೆ.

"ಇದು ನಮ್ಮ ಮನಿಯವರ ಗಾಡೀದ್ರಿ. ಉಳಿದ ಗಾಡಿ ಎಲ್ಲೈತ್ರೀ ಅಣ್ಣಾ?" ಎಂದರು.

ಅಪ್ಪನ ಕಾಲದ ಆ ಬೈಕಿನ ಮೂಲ ಟ್ಯಾಂಕು ತುಕ್ಕು ಹಿಡಿದು ಸೋರುತ್ತಿತ್ತು. ಅಂಥದ್ದು ಈಗ ಸಿಗುವುದಿಲ್ಲವೆಂದು ವಿಜಯಪುರದ ಗುಜರಿ ಅಂಗಡಿಯಲ್ಲಿ ಈಚಿನ ಮಾಡೆಲ್‌ನದೊಂದನ್ನು ಆರಿಸಿ, ಪಟ್ಟಿ ವೆಲ್ಡಿಂಗ್ ಮಾಡಿಸಿ ಕೂರಿಸಿದ್ದೆ. ಅದರ ಮೇಲೆ ಹಳದಿ ಬಣ್ಣದಲ್ಲಿ 'ಮಿನಾಜ್' ಎಂದು ಬರೆದಿತ್ತು. ಅಕ್ಷರಗಳು ಚೆಂದವಿದ್ದವು, ಅಳಿಸಿರಲಿಲ್ಲ.

ಮಿನಾಜ್ ಆ ಹೆಂಗಸಿನ ಮಗಳು. ಹೆಸರು ಬರೆದದ್ದು ಅವರ ಗಂಡ. ಕೆಲವು ವರ್ಷಗಳ ಹಿಂದೆ ಕುರಿ ನೋಡಿ ಬರುತ್ತೇನೆಂದು ಬಿಜ್ಜರಗಿಯಿಂದ ಬಬಲೇಶ್ವರಕ್ಕೆ ಅದೇ ಗಾಡಿಯಲ್ಲಿ ಹೊರಟವರು ಮರಳಿ ಬಂದಿಲ್ಲ. ಪೊಲೀಸರು, ನೆಂಟರು ಎಲ್ಲರೂ ಹುಡುಕಿದ್ದರಂತೆ.

ಮರುದಿನ ಅವರನ್ನು ಆ ಗುಜರಿ ಅಂಗಡಿಗೆ ಕರೆದೊಯ್ದೆ. ಅಂಗಡಿಯವರು ಟ್ಯಾಂಕು ನೋಡಿ ತಲೆಯಾಡಿಸಿದರು. "ಯಾರು ತಂದು ಹಾಕ್ಯಾರೋ ಗೊತ್ತಿಲ್ರೀ ಅಕ್ಕಾರ. ಉಳಿದದ್ದೆಲ್ಲ ಕರಗಿಸಾಕ ಹೋಗಿರತೈತಿ."

ಆ ತಾಯಿ ಕಬ್ಬಿಣದ ರಾಶಿಯ ಪಕ್ಕದಲ್ಲೇ ಕುಸಿದು ಕುಳಿತರು. "ಗಾಡಿ ಮ್ಯಾಲ ಹೋಗ್ಯಾರ, ಗಾಡಿ ಮ್ಯಾಲ ಬರತಾರ ಅಂತ ಮಗಳಿಗೆ ಹೇಳಕೋತ ಬಂದೇನ್ರಿ. ಇನ್ನೇನ ಹೇಳ್ಲಿ?" ಎಂದರು.

ಟ್ಯಾಂಕನ್ನು ಅಲ್ಲೇ ಬಿಚ್ಚಿಸಿ ಕೊಟ್ಟೆ. ಕೂಸನ್ನು ಎತ್ತಿಕೊಂಡಂತೆ ಅದನ್ನು ಅವುಚಿಕೊಂಡು ಅವರು ಬಸ್ಸು ಹತ್ತಿದರು. ಇಷ್ಟು ವರ್ಷ ದಾರಿ ಕಾಯುವುದಾದರೂ ಅವರ ಪಾಲಿಗಿತ್ತು. ಅದೂ ನನ್ನಿಂದಲೇ ಮುಗಿದುಹೋಯಿತು.