ಇದ್ದಲಿ ಬೆರೆಸಿದ ಚೀಲ

ಯರಗಟ್ಟಿಯ ಮೆಹರುನಬಿಗೆ ಸಸಿ ಮಾರುವುದೇ ಉದ್ಯೋಗ. ಬೆಳಗಾವಿ ರಸ್ತೆಗೆ ಹೊಂದಿಕೊಂಡ ತುಂಡು ಜಾಗದಲ್ಲಿ ನೆರಳಿನ ಬಲೆ ಕಟ್ಟಿ ಪಪ್ಪಾಯಿ, ನುಗ್ಗೆ ಬೆಳೆಸುತ್ತಾಳೆ. ತಾನು ಮಾರಿದ ಸಸಿಗಳ ಪ್ಲಾಸ್ಟಿಕ್ ಚೀಲಗಳೇ ಹೊಲಗಳಲ್ಲಿ ಹಾರಾಡುವುದನ್ನು ನೋಡಿ ಬೇಸತ್ತು, ಒಂದು ವರ್ಷ ಕಿತ್ತೂರಿನಿಂದ, ಮಣ್ಣಲ್ಲಿ ಕರಗುವ ಚೀಲ ತರಿಸಿದಳು. ಗೋವಿನಜೋಳದ ಪಿಷ್ಟ ಹಾಕಿ ಮಾಡಿದ್ದವು. ಚೀಲದ ಸಮೇತ ಸಸಿ ನೆಟ್ಟರಾಯಿತು. ಆದರೆ ಅವು ಮಣ್ಣಿಗೆ ಹೋಗುವ ತನಕ ಕಾಯಲಿಲ್ಲ. ಬಿಸಿಲಿಗೆ ಬಿರುಕು ಬಿಟ್ಟವು. ಎತ್ತಿದರೆ ತಳ ಕಳಚಿ ಬರೀ ಬೇರು ಕೈಗೆ ಬರುತ್ತಿತ್ತು.

ಜಗಳ ಮಾಡಬೇಕೆಂದೇ ಬೈಲಹೊಂಗಲದಲ್ಲಿ ಬಸ್ಸು ಬದಲಿಸಿ ಕಿತ್ತೂರಿಗೆ ಹೋದಳು. ಹೆದ್ದಾರಿ ಪಕ್ಕದ ತಗಡಿನ ಶೆಡ್ಡಿನಲ್ಲಿ ಸ್ನೇಹಲ್ ಎಂಬ ತರುಣಿ ಒಂದೇ ಯಂತ್ರ ಇಟ್ಟುಕೊಂಡು ಆ ಚೀಲ ಮಾಡುತ್ತಿದ್ದಳು. ಯಂತ್ರದ ಬಾಯಿಂದ ಕರಗಿದ ಪದಾರ್ಥ ಬಲೂನಿನಂತೆ ಉಬ್ಬಿ ಮೇಲೇರುವುದನ್ನು ಕಂಡ ಮೆಹರುನಬಿ ಜಗಳ ಮರೆತು ನಿಂತುಬಿಟ್ಟಳು.

“ಇದು ಗಟ್ಟಿ ಆಗೂಹಂಗ ಏನರ ಕೂಡಸಾಕ ಬರೂದಿಲ್ಲೇನವಾ?”

“ಇದ್ದಲಿ ಪುಡಿ ಕೂಡಸಬಹುದ್ರಿ ಅಕ್ಕಾರ. ಬಿಸಿಲೂ ತಡೀತೈತಿ ಅಂತ ಓದೇನಿ. ಮಾಡಿ ಮಾತ್ರ ನೋಡಿಲ್ಲ.”

“ಹಂಗಾರ ಮಾಡೂಣು. ನಮ್ಮ ಪ್ಯಾಟ್ಯಾಗ ಕಾಳು ಬಿಡಿಸಿದ ಗೋವಿನಜೋಳದ ತೆನಿ ರಾಶಿ ಬಿದ್ದಾವ. ಸುಟ್ಟು ತರತೇನಿ.”

ಟೆಂಪೊ ಓಡಿಸುವ ಗಂಡ ಚಮನಸಾಬ ತೆನೆ ಹೇರಿಕೊಂಡು ಬಂದ. ಗಾಳಿ ಆಡದಂತೆ ಡ್ರಮ್ಮಿನ ಬಾಯಿ ಮುಚ್ಚಿ ಸುಟ್ಟರು. ಗಾಳಿ ಒಳಗೆ ಹೋದರೆ ಉಳಿಯುವುದು ಬರೀ ಬೂದಿ. ಇದ್ದಲಿ ಕುಟ್ಟಿ ಪುಡಿ ಮಾಡಿ ಬೆರೆಸಿದರು. ಆದರೆ ಮೊದಲ ಸಲದ ಚೀಲದ ತುಂಬ ಸಣ್ಣ ತೂತು. ಇದ್ದಲಿ ಒಳಗೊಳಗೇ ತೇವ ಹೀರಿಕೊಂಡಿತ್ತು, ಕಾವಿಗೆ ಅದು ಉಗಿಯಾಗಿ ಗುಳ್ಳೆ ಎದ್ದಿದೆ ಎಂದು ಸ್ನೇಹಲ್ ಗುರುತಿಸಿದಳು. ಚೆನ್ನಾಗಿ ಒಣಗಿಸಿ, ಬಟ್ಟೆಯಲ್ಲಿ ಸೋಸಿ, ಈ ಸಲ ಆಸೆಗೆ ಬಿದ್ದು ಕೈತುಂಬ ಹಾಕಿದರು. ಚೀಲ ಹಪ್ಪಳದಂತೆ ಮುರಿಯಿತು. ಪುಡಿ ಕಡಿಮೆ ಮಾಡುತ್ತ ಹೋದ ಮೇಲೆ ಒಂದು ಹದ ಸಿಕ್ಕಿತು. ಆ ಬೇಸಿಗೆ ಪಪ್ಪಾಯಿ ಸಸಿಗಳು ಕಪ್ಪು ಚೀಲದಲ್ಲಿ ಅಲ್ಲಾಡದೆ ನಿಂತವು.

ಆಗ ಮೆಹರುನಬಿಗೆ ಬೇರೆ ಪ್ರಶ್ನೆ ಹತ್ತಿಕೊಂಡಿತು. ಗಟ್ಟಿಯಾದದ್ದು ಕರಗುವುದನ್ನೇ ಮರೆತಿದ್ದರೆ? ಮಳೆಗಾಲದಲ್ಲಿ ಹಿತ್ತಲಲ್ಲಿ ಎರಡು ಸಸಿ ಚೀಲದ ಸಮೇತ ನೆಟ್ಟು, ದೀಪಾವಳಿ ಹೊತ್ತಿಗೆ ಅಗೆಯಲು ಕುಳಿತಳು.

“ಬೇರ ಹತ್ತಿದ ಗಿಡಾ ಯಾರರ ಕಿತ್ತ ನೋಡತಾರೇನ?” ಎಂದ ಚಮನಸಾಬ.

“ಒಳಗ ಏನಾಗೇತಿ ಗೊತ್ತಾಗೂದು ಬ್ಯಾಡೇನ್ರಿ?”

ಬಚ್ಚಲ ನೀರು ಹರಿಯುವ ಕಡೆಯ ಚೀಲ ಚೂರುಚೂರಾಗಿತ್ತು, ನಡುವೆ ಬೇರು ನುಗ್ಗಿದ್ದವು. ಗೋಡೆ ಬುಡದ ಒಣ ಮಣ್ಣಿನದು ಮಾತ್ರ ಹೆಚ್ಚುಕಡಿಮೆ ಇದ್ದಂತೆಯೇ ಇತ್ತು. ಮಣ್ಣುಗೈಯಲ್ಲೇ ಸ್ನೇಹಲ್‌ಗೆ ಫೋನು ಮಾಡಿದಳು. ಹಸಿ ಇಲ್ಲದ ಕಡೆ ಅದನ್ನು ತಿನ್ನುವ ಜೀವಾಣು ಬದುಕುವುದಿಲ್ಲವೇನೋ ಎಂದಳು ಸ್ನೇಹಲ್, ಆದರೆ ಖಚಿತವಾಗಿ ಹೇಳಲಿಲ್ಲ.

ಈಗ ಮೆಹರುನಬಿ ಕಪ್ಪು ಚೀಲದ ಸಸಿ ಕೊಡುವಾಗ ನೀರಾವರಿ ಇದೆಯೋ ಇಲ್ಲವೋ ಮೊದಲು ಕೇಳುತ್ತಾಳೆ. ಸುರೇಬಾನದ ಕಡೆಯ ಒಣ ಹೊಲದವರಿಗೆ, “ಸ್ವಲ್ಪ ತಡೀರಿ, ಇನ್ನೂ ನೋಡಾಕ ಹತ್ತೇವಿ” ಎನ್ನುತ್ತಾಳೆ. ಹೋದ ವಾರ ಸ್ನೇಹಲ್, ಒಣ ಮಣ್ಣಲ್ಲೂ ಕರಗೀತೆಂದು ಪಿಷ್ಟ ಹೆಚ್ಚು ಹಾಕಿದ ಹೊಸ ಚೀಲ ತಂದಿದ್ದಳು. ಇಬ್ಬರೂ ಗೋಡೆ ಬುಡದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಅದನ್ನು ಹೂತರು.